ಮನೆಯ ಲೈನಿಗೆ ಐಪಿವಿ6 ಹಾಕಿಸಿದೆ: ಕಾಸರಗೋಡು ಕಡೆಯವರ ಅನುಭವ ಬೇಕು

ನೀರ್ಚಾಲು ತೋಟ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ನಮ್ಮ ಮನೆಯ ಫೈಬರ್ ಲೈನಿನಲ್ಲಿ ಐಪಿವಿ6, ಅಂದರೆ ಇಂಟರ್ನೆಟ್ಟಿನ ಹೊಸ ಬಗೆಯ ವಿಳಾಸ, ಓಡುತ್ತಿದೆ. ಕನ್ನಡದಲ್ಲಿ ಇದರ ಬಗ್ಗೆ ಕೇಳಲು ಜಾಗ ಹುಡುಕಿ ಸಾಕಾಯಿತು. ರೂಟರ್ ಹಾಕಲು ಬರುವವರು ಮಲಯಾಳದಲ್ಲಿ ಹೇಳುತ್ತಾರೆ, ವೀಡಿಯೊಗಳು ಇಂಗ್ಲಿಷಿನಲ್ಲಿ ಹೇಳುತ್ತವೆ, ಅಪ್ಪ ಕೇಳುವುದು ಕನ್ನಡದಲ್ಲಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾಕಿಸಿದ ಕಾರಣ ಒಂದೇ. ಮನೆಯಿಂದ ಇಳಿದು ಹೋದರೆ ತೋಟದ ತುದಿಯಲ್ಲಿ ಪಂಪ್ ಶೆಡ್ ಇದೆ. ಎರಡು ವರ್ಷದ ಹಿಂದೆ ಅಲ್ಲಿಂದ ಮೋಟಾರಿನ ತಾಮ್ರದ ವಯರು ಕಳವಾಯಿತು. ಆಮೇಲೆ ಒಂದು ಕ್ಯಾಮರಾ ಇಟ್ಟೆವು. ಅಣ್ಣ ಶಾರ್ಜಾದಲ್ಲಿದ್ದಾನೆ, ನಾನು ವಾರದಲ್ಲಿ ಐದು ದಿನ ಮಂಗಳೂರಿನಲ್ಲಿ. ಅಪ್ಪನಿಗೆ 72. ಮಳೆಗಾಲದ ರಾತ್ರಿ ಅವರನ್ನು ತೋಟಕ್ಕೆ ಇಳಿಸಲು ನಮಗಿಬ್ಬರಿಗೂ ಮನಸ್ಸಿಲ್ಲ. ಕ್ಯಾಮರಾ ಕಂಪೆನಿಯ ಆ್ಯಪ್ ಮೊದಲು ಸರಿ ಇತ್ತು. ಒಂದು ದಿನ ಅವರು ಸರ್ವರನ್ನೇ ನಿಲ್ಲಿಸಿದರು. ಕ್ಯಾಮರಾಕ್ಕೆ ಏನೂ ಆಗಿಲ್ಲ. ಮನೆಯ ವೈಫೈನಲ್ಲಿ ಕಾಣುತ್ತದೆ, ಗೇಟು ದಾಟಿದರೆ ಇಲ್ಲ.

ಹೊರಗಿನಿಂದ ಕ್ಯಾಮರಾಕ್ಕೆ ದಾರಿ ಬಿಡಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಲು ನಾಲ್ಕು ರಾತ್ರಿ ಕೂತೆ. ಆಗಲಿಲ್ಲ. ಐದನೇ ರಾತ್ರಿ ರೂಟರಿನ ಸ್ಟೇಟಸ್ ಪುಟದಲ್ಲಿ ಹೊರಗಿನ ವಿಳಾಸ ನೋಡಿದೆ. 100.72ರಿಂದ ಶುರು. ಅಲ್ಲಿಗೆ ಗೊತ್ತಾಯಿತು. 100.64ರಿಂದ 100.127ರ ವರೆಗಿನ ವಿಳಾಸಗಳನ್ನು 2012ರಲ್ಲೇ ಇಂಟರ್ನೆಟ್ ಕಂಪೆನಿಗಳ ಒಳಬಳಕೆಗೆ ಎತ್ತಿಟ್ಟಿದ್ದಾರೆ. ಅಂದರೆ ಹೊರಗಿನವರಿಗೆ ಕಾಣುವ ವಿಳಾಸವೇ ನಮ್ಮ ಮನೆಗೆ ಇರಲಿಲ್ಲ.

ಅಪ್ಪನಿಗೆ ಹೇಳಿದ್ದು ಹೀಗೆ. ರಸ್ತೆಯಿಂದ ಒಳಗಿರುವ ಮನೆಗಳಿಗೆ ಹಿಂದೆ ಟಪಾಲು ಜಂಕ್ಷನ್ನಿನ ಅಂಗಡಿಗೆ ಬರುತ್ತಿತ್ತಲ್ಲ, ಹಾಗೆ. ನಾವು ಬರೆದ ಕಾಗದಕ್ಕೆ ಉತ್ತರ ಬಂದರೆ ಅಂಗಡಿಯವರು ಗುರುತಿಟ್ಟು ಕೊಡುತ್ತಾರೆ. ಆದರೆ ಹೊಸಬರೊಬ್ಬರು ನೇರ ನಮ್ಮ ಮನೆಗೇ ಬರಬೇಕೆಂದು ಹೊರಟರೆ ಅಂಗಡಿಯ ತನಕ ಬಂದು ನಿಲ್ಲುತ್ತಾರೆ. ಮುಂದಿನ ದಾರಿ ವಿಳಾಸದಲ್ಲಿ ಬರೆದೇ ಇಲ್ಲ. ಅಪ್ಪ ಕೂಡಲೇ ಹಿಡಿದರು. "ಹಾಗಾದರೆ ಮನೆ ಹೆಸರು ಹಾಕಿಸು" ಅಂದರು. ಐಪಿವಿ6 ಅಂದರೆ ನಮ್ಮ ಮಟ್ಟಿಗೆ ಅಷ್ಟೇ. ಮನೆ ಹೆಸರಿರುವ ವಿಳಾಸ.

ಹಳೆಯದು, ಅಂದರೆ ಐಪಿವಿ4 (ವಿ4), 32 ಬಿಟ್. ಲೆಕ್ಕ ಹಾಕಿದರೆ 4,294,967,296, ಸುಮಾರು 429 ಕೋಟಿ ವಿಳಾಸ. 1981ರಲ್ಲಿ ಅದನ್ನು ಬರೆದಾಗ ಅಷ್ಟು ಧಾರಾಳವಾಗಿತ್ತು. ಈಗ ಭೂಮಿಯ ಮೇಲಿನ ತಲೆಗಳಿಗೂ ಸಾಲುವುದಿಲ್ಲ. ಹೊಸದು (ವಿ6) 128 ಬಿಟ್, 340ರ ಮುಂದೆ 36 ಸೊನ್ನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಾಕಿಸಿ. ಆದರೆ ಏನು ಸಿಗುತ್ತದೆ ಎಂದು ಗೊತ್ತಿಟ್ಟುಕೊಂಡು ಹಾಕಿಸಿ. ನನಗೆ ಮೂರು ವಾರದಲ್ಲಿ ಖುಷಿಯೂ ಆಯಿತು, ಕಷ್ಟವೂ ಆಯಿತು. ಎರಡನ್ನೂ ಬರೆಯುತ್ತೇನೆ. ನಿಮ್ಮದನ್ನೂ ಹೇಳಿ.

ಉಪ್ಪಳ ಅಂಗಡಿ · ರಾತ್ರಿ 9:52

ಒಂದೇ ಪ್ರಶ್ನೆ. ಸ್ಪೀಡ್ ಜಾಸ್ತಿ ಆಗುತ್ತದಾ? ನಮ್ಮ ಲೈನಿಗೆ ಸಂಜೆ ಏಳರ ಮೇಲೆ ಉಸಿರೇ ಇಲ್ಲ.

ನೀರ್ಚಾಲು ತೋಟ · ರಾತ್ರಿ 9:58

ಇಲ್ಲ. ಸಂಜೆ ನಿಧಾನ ಆಗುವುದು ಲೈನಿನಲ್ಲಿ ಜನ ಜಾಸ್ತಿ ಆಗುವುದರಿಂದ. ರಸ್ತೆ ಅದೇ, ವಿಳಾಸ ಬದಲಾದರೆ ರಸ್ತೆ ಅಗಲ ಆಗುವುದಿಲ್ಲ. ಸ್ಪೀಡಿಗಾಗಿ ಮಾತ್ರ ಹಾಕಿಸುವುದಾದರೆ ಬೇಡ.

ಪೆರ್ಲ ಕೇಬಲ್ · ರಾತ್ರಿ 10:30

ನಾನು ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲು ಟಿವಿ ಕೇಬಲ್, ಈಗ ಫೈಬರ್. ಪೆರ್ಲ, ಸ್ವರ್ಗ, ಬಾಯಾರು ಕಡೆ ಎಳೆದ ವಯರಿನಲ್ಲಿ ಅರ್ಧಕ್ಕರ್ಧ ನನ್ನ ಹೆಗಲ ಮೇಲೆ ಹೋದದ್ದು. ನೀರ್ಚಾಲಿನವರು ಹೇಳಿದ ಅಂಗಡಿಯ ಉದಾಹರಣೆ ಸರಿ. ಆ ಅಂಗಡಿ ನಡೆಸುವವರ ಕಷ್ಟವನ್ನು ನಾನು ಹೇಳುತ್ತೇನೆ.

ಜಗತ್ತಿನ ಮುಖ್ಯ ಸಂಗ್ರಹದಲ್ಲಿದ್ದ ವಿ4 ವಿಳಾಸಗಳು 2011ರ ಫೆಬ್ರವರಿ 3ಕ್ಕೇ ಖಾಲಿಯಾದವು. ನಮ್ಮ ಏಷ್ಯಾ ಭಾಗಕ್ಕೆ ಹಂಚುವ ಎಪಿಎನಿಕ್ ಅದೇ ವರ್ಷ ಏಪ್ರಿಲ್ 15ಕ್ಕೆ ತನ್ನ ಕೊನೆಯ ದೊಡ್ಡ ಕಟ್ಟು ಬಿಚ್ಚಿತು. ಅಲ್ಲಿಂದ ರೇಷನ್. 2019ರಿಂದ ಹೊಸ ಸಂಸ್ಥೆಗೆ ಸಿಗುವುದು ಹೆಚ್ಚೆಂದರೆ 512. ಐನೂರ ಹನ್ನೆರಡು! ನಮ್ಮ ಎಣ್ಮಕಜೆ ಪಂಚಾಯತಿಗೂ ಸಾಲದು. ಅದಕ್ಕೇ ಒಂದು ವಿಳಾಸವನ್ನು ಹತ್ತಾರು ಮನೆಗೆ ಹಂಚುತ್ತಾರೆ. ಒಂದು ವಿಳಾಸಕ್ಕೆ ಇರುವುದು 65,536 ಪೋರ್ಟ್, ಅಂದರೆ ಸಂಪರ್ಕಕ್ಕೆ ಬಾಗಿಲುಗಳು. 64 ಮನೆಗೆ ಹಂಚಿದರೆ ತಲಾ ಸುಮಾರು 1000. ಒಂದು ಮನೆಯಲ್ಲಿ ಐದು ಫೋನು, ಒಂದು ಟಿವಿ, ಎರಡು ಲ್ಯಾಪ್‌ಟಾಪ್ ಇದ್ದರೆ ಆ ಸಾವಿರವೂ ಎಷ್ಟು ಹೊತ್ತಿಗೆ?

ಹಂಚಿಕೊಂಡ ವಿಳಾಸದ ಇನ್ನೊಂದು ತೊಂದರೆ ನನಗೆ ವಾರಕ್ಕೊಮ್ಮೆ ಫೋನಿನಲ್ಲಿ ಬರುತ್ತದೆ. ಯಾರದೋ ಮನೆಯ ಕಂಪ್ಯೂಟರಿಗೆ ವೈರಸ್ ಹತ್ತಿ ಸ್ಪ್ಯಾಮ್ ಹೋಗುತ್ತದೆ. ಆ ವಿಳಾಸವನ್ನು ಸೈಟುಗಳು ತಡೆಯುತ್ತವೆ. ಏನೂ ಮಾಡದ ಇತರ ಮನೆಗಳಿಗೂ ಪುಟ ತೆರೆಯುವ ಮೊದಲು ಟ್ರಾಫಿಕ್ ಲೈಟಿನ ಚಿತ್ರ ಆರಿಸುವ ಪರೀಕ್ಷೆ. ಪಾಪ, ಅವರು ನನಗೆ ಬೈಯುತ್ತಾರೆ. ಒಬ್ಬರ ತಪ್ಪಿಗೆ ಇಡೀ ಬೈಲಿಗೆ ಶಿಕ್ಷೆ.

ವಿ6ನಲ್ಲಿ ಈ ಜಿಪುಣತನ ಬೇಕಾಗಿಲ್ಲ. ಒಂದು ಸಣ್ಣ ಇಂಟರ್ನೆಟ್ ಕಂಪೆನಿಗೆ ಸಾಮಾನ್ಯವಾಗಿ ಸಿಗುವುದು 32 ಎಂಬ ಅಳತೆಯ ಒಂದು ತುಂಡು (ಈ ಸಂಖ್ಯೆ ಸಣ್ಣದಾದಷ್ಟು ತುಂಡು ದೊಡ್ಡದು). ಅದರಿಂದ ಮನೆಗೊಂದರಂತೆ 56ರ ಅಳತೆಯಲ್ಲಿ ಕೊಟ್ಟರೆ 1 ಕೋಟಿ 67 ಲಕ್ಷ ಮನೆಗೆ ಆಗುತ್ತದೆ. ಇಡೀ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 13 ಲಕ್ಷ. ಮತ್ತೆ ಆ ಒಂದೊಂದು ಮನೆಯೊಳಗೂ 256 ಬೇರೆ ಬೇರೆ ನೆಟ್‌ವರ್ಕ್ ಮಾಡಿಕೊಳ್ಳಬಹುದು. ಕ್ಯಾಮರಾಗಳಿಗೊಂದು, ಅತಿಥಿಗಳಿಗೊಂದು, ಮನೆಯವರಿಗೊಂದು.

ಆದರೂ ನಮ್ಮ ಕಡೆ ಯಾಕೆ ಎಲ್ಲರಿಗೂ ಬಂದಿಲ್ಲ? ಉತ್ತರ ನಿಮ್ಮ ಗೋಡೆಯ ಮೇಲೆ ಮಿನುಗುವ ಆ ಬಿಳಿ ಪೆಟ್ಟಿಗೆಯಲ್ಲಿದೆ. ಹಳೆಯ ಪೆಟ್ಟಿಗೆಗಳಲ್ಲಿ ವಿ6 ಅಂತ ಮೆನು ಇರುತ್ತದೆ, ಆನ್ ಮಾಡಿದರೆ ವಿಳಾಸವೂ ಬರುತ್ತದೆ, ಎರಡು ದಿನಕ್ಕೆ ಹ್ಯಾಂಗ್. ಬದಲಾಯಿಸಲು ದುಡ್ಡು ಬೇಕು. ಗಿರಾಕಿ ಕೊಡುವುದಿಲ್ಲ, ಮೇಲಿನ ಕಂಪೆನಿಯೂ ಕೊಡುವುದಿಲ್ಲ. ಕೇಂದ್ರ ಟೆಲಿಕಾಂ ಇಲಾಖೆ 2010ರಲ್ಲೇ ಇದಕ್ಕೊಂದು ಯೋಜನೆ ಹೊರಡಿಸಿತ್ತು, 2013ರಲ್ಲಿ ಎರಡನೆಯದು ಬಂತು. ಕಾಗದ ಬೇಗ ಬಂತು. ಪೆಟ್ಟಿಗೆ ಬರಲು ಹೊತ್ತು ಹಿಡಿಯಿತು.

ಬದಿಯಡ್ಕ ಕಾಲೇಜು · ರಾತ್ರಿ 10:41

ನನ್ನ ಫೋನಿನ ಸೆಟ್ಟಿಂಗ್ಸಿನಲ್ಲಿ ಎರಡು ವಿಳಾಸ ಕಾಣುತ್ತಿವೆ. ಒಂದು 192.0.0.4, ಇನ್ನೊಂದು 2409ರಿಂದ ಶುರುವಾಗುವ ಉದ್ದದ್ದು. ಜಿಯೋ ಸಿಮ್. ಇದರ ಅರ್ಥ ನನಗೆ ಈಗಾಗಲೇ ವಿ6 ಇದೆ ಅಂತಲಾ?

ಬೆಂಗಳೂರು ಸರ್ವರ್ · ರಾತ್ರಿ 11:05

ಹೌದು, ಇದೆ. ಬಹುಶಃ ನೀವು ಆ ಸಿಮ್ ಹಾಕಿದ ದಿನದಿಂದಲೇ. ನನ್ನ ಮೂಲ ಪೈವಳಿಕೆ, ಕೆಲಸ ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು. ಆದ್ದರಿಂದ ಇದು ನನ್ನ ಇಷ್ಟದ ವಿಷಯ.

ಜಿಯೋ 2016ರ ಸೆಪ್ಟೆಂಬರಿನಲ್ಲಿ ಶುರುವಾದಾಗ ಅವರ ಹತ್ತಿರ ಕೋಟಿಗಟ್ಟಲೆ ಗಿರಾಕಿಗಳಿಗೆ ಕೊಡುವಷ್ಟು ವಿ4 ಇರಲಿಲ್ಲ, ಸಿಗುವಂತೆಯೂ ಇರಲಿಲ್ಲ. ಹಾಗಾಗಿ ಫೋನಿಗೆ ವಿ6 ಕೊಟ್ಟರು. ಭಾರತ ಇವತ್ತು ವಿ6 ಬಳಕೆಯಲ್ಲಿ ಜಗತ್ತಿನ ಮುಂದಿನ ಸಾಲಿನಲ್ಲಿದೆ. ಅದಕ್ಕೆ ದೊಡ್ಡ ಕಾರಣ ನಮ್ಮ ಮೊಬೈಲುಗಳು. ಒಂದು ಲೆಕ್ಕದಲ್ಲಿ ತಡವಾಗಿ ಬಂದದ್ದೇ ಒಳ್ಳೆಯದಾಯಿತು. ಹಳೆಯ ಮನೆ ಇಲ್ಲದವರಿಗೆ ಹೊಸ ಮನೆ ಕಟ್ಟುವುದು ಸುಲಭ, ಅಲ್ವಾ?

ಆ 192.0.0.4 ನಿಜವಾದ ಹೊರ ವಿಳಾಸ ಅಲ್ಲ. ವಿ4 ಮತ್ತು ವಿ6 ಒಂದಕ್ಕೊಂದು ನೇರ ಮಾತಾಡುವುದಿಲ್ಲ. ಇದೇ ಇಡೀ ಕಥೆಯ ದೊಡ್ಡ ತೊಡಕು. ವಿ4 ಮಾತ್ರ ಇರುವ ಸೈಟನ್ನು ನೀವು ತೆರೆದಾಗ ನಡುವೆ ಒಬ್ಬ ದುಭಾಷಿ ಬೇಕು. ಫೋನಿನೊಳಗೆ ಸಣ್ಣ ದುಭಾಷಿ, ಕಂಪೆನಿಯ ಕಡೆ ದೊಡ್ಡ ದುಭಾಷಿ. ಹಳೆಯ ಆ್ಯಪುಗಳಿಗೆ "ವಿ4 ಇದೆ" ಎಂದು ತೋರಿಸಲು ಫೋನು ಆ ವಿಳಾಸ ಇಟ್ಟುಕೊಂಡಿದೆ. ಆಂಡ್ರಾಯ್ಡ್‌ನಲ್ಲಿ ಈ ಏರ್ಪಾಡು 2013ರಿಂದ ಇದೆ. ಆ್ಯಪಲ್ 2016ರ ಜೂನ್‌ನಿಂದ ಬರೀ ವಿ6 ಇರುವ ನೆಟ್‌ವರ್ಕಿನಲ್ಲೂ ನಡೆಯದ ಆ್ಯಪುಗಳನ್ನು ತನ್ನ ಅಂಗಡಿಗೆ ಸೇರಿಸುವುದಿಲ್ಲ ಎಂದಿತು.

ನನ್ನ ಕಡೆಯಿಂದ ಒಂದು ಸಾಕ್ಷಿ. 2024ರ ಫೆಬ್ರವರಿ 1ರಿಂದ ಅಮೆಜಾನ್ ತನ್ನ ಕ್ಲೌಡಿನಲ್ಲಿ ಪ್ರತಿ ಹೊರ ವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ. ತಿಂಗಳಿಗೆ ಮೂರೂವರೆ ಡಾಲರಿನ ಮೇಲೆ, ಒಂದೊಂದಕ್ಕೆ. ವಿ6ಗೆ ಆ ಬಾಡಿಗೆ ಇಲ್ಲ. ಹದಿನೈದು ವರ್ಷ ಮೀಟಿಂಗುಗಳಲ್ಲಿ "ಮುಂದಿನ ವರ್ಷ ನೋಡೋಣ" ಅಂದವರು ಆ ಬಿಲ್ ಬಂದ ತಿಂಗಳೇ ವಿ6 ಬಗ್ಗೆ ಕೇಳಲು ಶುರುಮಾಡಿದರು.

ಮುಳ್ಳೇರಿಯ ಟೀಚರ್ · ಭಾನುವಾರ ಬೆಳಿಗ್ಗೆ 7:15

ನಾನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆಯವರು ಕೊಟ್ಟ ಲಿನಕ್ಸ್ ಇದೆ. ಲೈನಿಗೆ ವಿ6 ಬಂದ ದಿನ ನಾವು ಏನೂ ಮಾಡಲಿಲ್ಲ. ಎಲ್ಲ ಕಂಪ್ಯೂಟರುಗಳೂ ತಾವೇ ವಿಳಾಸ ತೆಗೆದುಕೊಂಡವು. ಅದು ಚೆಂದ. ಆದರೆ ಅಲ್ಲೇ ನನಗೆ ಭಯವೂ ಆಯಿತು.

ಮಕ್ಕಳಿಗೆ ಬೇಡದ ಸೈಟುಗಳನ್ನು ತಡೆಯಲು ರೂಟರಿನಲ್ಲಿ ಒಂದು ಫಿಲ್ಟರ್ ಇಟ್ಟಿದ್ದೆ. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗಿ ಬಂದು "ಟೀಚರ್, ಈ ಪುಟ ತೆರೆಯಬಾರದಿತ್ತಲ್ಲ, ತೆರೆಯಿತು" ಎಂದು ತೋರಿಸಿದಳು. ಅವಳ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟವಾಯಿತು. ನೋಡಿದರೆ ಫಿಲ್ಟರ್ ವಿ4ಗೆ ಮಾತ್ರ. ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವ ಕೆಲಸವನ್ನು ಕಂಪ್ಯೂಟರು ವಿ6 ದಾರಿಯಲ್ಲಿ ಮಾಡಿಕೊಂಡಿದೆ. ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ಮರೆತ ಹಾಗೆ. ಈಗ ಎರಡೂ ಕಡೆ ಹಾಕಿದ್ದೇನೆ. ಶಾಲೆಗಳಲ್ಲಿ ಕೆಲಸ ಮಾಡುವವರು ದಯವಿಟ್ಟು ಇದನ್ನು ಮೊದಲು ನೋಡಿ.

ಇನ್ನೊಂದು ಸಂಶಯ. ಪ್ರತಿ ಫೋನಿಗೂ ಬೇರೆ ವಿಳಾಸ ಅಂದರೆ ಪ್ರತಿ ಮಗುವಿನ ಹಿಂದೆ ಬೀಳುವುದು ಸುಲಭ ಆಗುವುದಿಲ್ಲವೇ?

ಬೆಂಗಳೂರು ಸರ್ವರ್ · ಬೆಳಿಗ್ಗೆ 8:20

ಟೀಚರ್ ಕೇಳಿದ್ದು ಸರಿಯಾದ ಪ್ರಶ್ನೆ. ಶುರುವಿನಲ್ಲಿ ಆ ದೋಷ ನಿಜಕ್ಕೂ ಇತ್ತು. ವಿ6 ವಿಳಾಸದ ಮುಂದಿನ ಅರ್ಧ ಮನೆಯದ್ದು, ಹಿಂದಿನ ಅರ್ಧ ಉಪಕರಣದ್ದು. ಆ ಹಿಂದಿನ ಅರ್ಧಕ್ಕೆ ನೆಟ್‌ವರ್ಕ್ ಕಾರ್ಡಿನ ಹುಟ್ಟುಸಂಖ್ಯೆಯನ್ನೇ ಹಾಕುತ್ತಿದ್ದರು. ಲ್ಯಾಪ್‌ಟಾಪ್ ಮುಳ್ಳೇರಿಯದಲ್ಲಿರಲಿ, ಮುಂಬೈಗೆ ಹೋಗಲಿ, ಬಾಲ ಅದೇ. ಇದಕ್ಕೆ ಮದ್ದು 2001ರಲ್ಲೇ ಬರೆದರು. ಈಗಿನ ಫೋನು, ಕಂಪ್ಯೂಟರುಗಳು ಬಾಲವನ್ನು ಸುಮ್ನೆ ಅಂದಾಜಿಗೆ ಹುಟ್ಟಿಸುತ್ತವೆ, ಹೆಚ್ಚಿನವು ಆಗಾಗ ಬದಲಾಯಿಸುತ್ತವೆ. ಆದರೆ ಮುಂದಿನ ಅರ್ಧ ಹಾಗೇ ಇರುತ್ತದೆ. ಅಂದರೆ "ಈ ಶಾಲೆಯಿಂದ" ಎಂಬುದು ಕಾಣುತ್ತದೆ. ವಿ4ನಲ್ಲಿ ಹತ್ತಾರು ಮನೆಗಳ ಗುಂಪಿನಲ್ಲಿ ಅಡಗಿದ್ದ ಹಾಗೆ ಇಲ್ಲಿ ಅಡಗಲು ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಹೇಳುವುದು ತಪ್ಪು.

ಭದ್ರತೆಯ ಬಗ್ಗೆ ಎರಡು ತಪ್ಪು ಮಾತು ಜಾಸ್ತಿ ಕೇಳಿದ್ದೇನೆ. ಒಂದು, "ವಿ6 ಅಂದರೆ ತಾನಾಗಿ ಸುರಕ್ಷಿತ." ಅಲ್ಲ. ಗುಟ್ಟಾಗಿಸುವ ಐಪಿಸೆಕ್ ಅನ್ನು ಎಲ್ಲ ಉಪಕರಣದಲ್ಲೂ ಇಡಲೇಬೇಕು ಎಂದು ಮೊದಲು ಬರೆದಿದ್ದರು. 2011ರಲ್ಲಿ ಅದನ್ನು "ಇಟ್ಟರೆ ಒಳ್ಳೆಯದು" ಎಂದು ಸಡಿಲಿಸಿದರು. ಇನ್ನೊಂದು, "ವಿ6 ಹಾಕಿದರೆ ಮನೆಯ ಎಲ್ಲ ಬಾಗಿಲೂ ತೆರೆದುಕೊಳ್ಳುತ್ತದೆ." ಅದೂ ಪೂರ್ತಿ ನಿಜ ಅಲ್ಲ. ಒಳ್ಳೆಯ ರೂಟರು ಹೊರಗಿನಿಂದ ಬರುವುದನ್ನು ತಡೆದೇ ಇಟ್ಟಿರುತ್ತದೆ. ಆದರೆ ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ವಿ6 ಫೈರ್‌ವಾಲ್, ಅಂದರೆ ಹೊರಗಿನವರನ್ನು ತಡೆಯುವ ಬೇಲಿ, ಆಫ್ ಆಗಿರುವುದನ್ನು ನಾನೇ ಕಂಡಿದ್ದೇನೆ. ಆನ್ ಮಾಡಿದ ಮೊದಲ ಹತ್ತು ನಿಮಿಷ ಅದನ್ನು ನೋಡಲು ಇಡಿ.

ಒಂದು ಸಮಾಧಾನ ಇದೆ. ವಿ4ನಲ್ಲಿ ಕಳ್ಳರು ಎಲ್ಲ ವಿಳಾಸಗಳನ್ನೂ ಒಂದೊಂದಾಗಿ ತಟ್ಟಿ ನೋಡುತ್ತಾರೆ. ವಿ6ನಲ್ಲಿ ಒಂದೇ ಒಂದು ಮನೆ ನೆಟ್‌ವರ್ಕನ್ನು ಸೆಕೆಂಡಿಗೆ ಹತ್ತು ಲಕ್ಷದಂತೆ ತಟ್ಟಿದರೂ ಮುಗಿಯಲು ಸುಮಾರು 5 ಲಕ್ಷ 80 ಸಾವಿರ ವರ್ಷ ಬೇಕು. ಹಾಗೆಂದು ಬೀಗ ಹಾಕದೆ ಮಲಗಬೇಡಿ. ವಿಳಾಸ ಬೇರೆ ದಾರಿಯಲ್ಲೂ ಹೊರಬೀಳುತ್ತದೆ.

ವರ್ಕಾಡಿ · ಬೆಳಿಗ್ಗೆ 9:02

ನನ್ನದು ಸ್ವಲ್ಪ ಬೇರೆ ನೋವು. ನಮ್ಮ ಮನೆಯಲ್ಲಿ ಎಲ್ಲ ಸೈಟೂ ಮಲಯಾಳದಲ್ಲಿ ತೆರೆಯುತ್ತದೆ. ಜಾಹೀರಾತು ಮಲಯಾಳ, ಸುದ್ದಿ ಮಲಯಾಳ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಟವರ್ ಕರ್ನಾಟಕದ ಕಡೆಯದ್ದು ಹಿಡಿದರೆ ಒಮ್ಮೊಮ್ಮೆ ಕನ್ನಡ ಬರುತ್ತದೆ. ಗುಡ್ಡದ ಈಚೆ ಒಂದು, ಆಚೆ ಒಂದು. ಹೊಸ ವಿಳಾಸದಿಂದ ಇದು ಸರಿ ಆಗುತ್ತದಾ?

ನೀರ್ಚಾಲು ತೋಟ · ಬೆಳಿಗ್ಗೆ 9:20

ಅರ್ಥವಾಗುತ್ತದೆ. ನಮ್ಮಲ್ಲೂ ಇದೇ. ಆದರೆ ವಿ6 ಇದಕ್ಕೆ ಮದ್ದಲ್ಲ. ಪಿನ್ ಕೋಡ್ ಇದ್ದ ಹಾಗೆ ನೋಡಿ. ನಮ್ಮದು 671ರಿಂದ ಶುರು, ಅಡ್ಯನಡ್ಕ ದಾಟಿದರೆ 574. ಅಂಚೆಯವರಿಗೆ ಪತ್ರ ಯಾವ ಕಡೆಗೆ ಹೋಗಬೇಕು ಎಂದು ಗೊತ್ತಾಗಲು ಅದು ಸಾಕು. ಆ ಮನೆಯಲ್ಲಿ ಯಾವ ಭಾಷೆ ಎಂದು ಅದರಲ್ಲಿ ಬರೆದಿಲ್ಲ. ಸೈಟುಗಳು ವಿಳಾಸ ನೋಡಿ "ಕೇರಳ, ಹಾಗಾದರೆ ಮಲಯಾಳ" ಎಂದು ಊಹೆ ಮಾಡುತ್ತವೆ. ವಿ6 ಬಂದರೂ ಊಹೆ ಅದೇ. 1956ರಿಂದ ನಾವು ಈ ಊಹೆಯನ್ನು ಕಾಗದದಲ್ಲಿ ಕಂಡಿದ್ದೇವೆ, ಈಗ ಪರದೆಯಲ್ಲಿ ಕಾಣುತ್ತಿದ್ದೇವೆ.

ಮಾಡಬಹುದಾದದ್ದು ಒಂದಿದೆ. ಅಮ್ಮನ ಫೋನಿನ ಭಾಷೆಯನ್ನೂ ಬ್ರೌಸರಿನ ಭಾಷೆಯನ್ನೂ ಕನ್ನಡಕ್ಕೆ ಇಡಿ. ಬ್ರೌಸರು ಪ್ರತಿ ಪುಟ ಕೇಳುವಾಗಲೂ "ನನಗೆ ಕನ್ನಡ ಬೇಕು" ಎಂದು ಹೇಳಿಯೇ ಕೇಳುತ್ತದೆ. ಅದನ್ನು ಓದುವ ಸೈಟುಗಳು ಸರಿಯಾಗಿ ಕೊಡುತ್ತವೆ. ನಮ್ಮ ಅಮ್ಮನ ಫೋನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿಯಾಯಿತು.

ಮಂಜೇಶ್ವರ ಸೇವೆ · ಬೆಳಿಗ್ಗೆ 11:30

ನಾನು ಅರ್ಜಿ ತುಂಬಿಸುವ ಕೇಂದ್ರ ನಡೆಸುತ್ತೇನೆ. ವಿ6 ಬಂದ ಮೇಲೆ ವಿಚಿತ್ರ ತೊಂದರೆ. ಕೆಲವು ಪುಟಗಳು ಅರ್ಧ ತೆರೆದು ನಿಂತುಬಿಡುತ್ತವೆ. ಮೇಲಿನ ಪಟ್ಟಿ ಬರುತ್ತದೆ, ಕೆಳಗೆ ಬರೀ ಬಿಳಿ. ಫೋಟೊ ಅಪ್‌ಲೋಡ್ ಶೇಕಡಾ 3ಕ್ಕೆ ನಿಲ್ಲುತ್ತದೆ. ಅದೇ ಹೊತ್ತಿಗೆ ಯೂಟ್ಯೂಬ್ ಚೆನ್ನಾಗಿ ಓಡುತ್ತದೆ. ಮೊನ್ನೆ ಒಬ್ಬ ಅಜ್ಜಿ ಪಿಂಚಣಿಯ ಕೆಲಸಕ್ಕೆ ಎರಡು ಬಸ್ ಬದಲಾಯಿಸಿ ಬಂದಿದ್ದರು. ಮೂರು ಗಂಟೆ ಕೂರಿಸಿದೆ. ಕೊನೆಗೆ ನಾಳೆ ಬನ್ನಿ ಎಂದು ಕಳಿಸಬೇಕಾಯಿತು. ಮನಸ್ಸಿಗೆ ತುಂಬಾ ಬೇಜಾರಾಯಿತು. ವಿ6 ಆಫ್ ಮಾಡಿದರೆ ಎಲ್ಲ ಸರಿ. ಹಾಗಾಗಿ ನನ್ನ ಮಟ್ಟಿಗೆ ಇದು ಬೇಡ.

ಪೆರ್ಲ ಕೇಬಲ್ · ಮಧ್ಯಾಹ್ನ 12:10

ಆಫ್ ಮಾಡುವ ಮೊದಲು ಒಂದು ಪ್ರಯತ್ನ ಮಾಡಿ. ಈ ಲಕ್ಷಣ ನನಗೆ ಗೊತ್ತು. ನನ್ನ ಗಿರಾಕಿಗಳಲ್ಲಿ ಆರು ಮನೆಗೆ ಇದೇ ಆಗಿತ್ತು.

ನಿಮ್ಮ ಲೈನು ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಓಇ ಆಗಿರಬೇಕು. ಡೇಟಾ ಪೊಟ್ಟಣಗಳಾಗಿ (ಪ್ಯಾಕೆಟ್) ಹೋಗುತ್ತದೆ, ಸಾಮಾನ್ಯ ಲೈನಿನಲ್ಲಿ ಒಂದು ಪೊಟ್ಟಣ 1500 ಬೈಟ್ ಹಿಡಿಯುತ್ತದೆ. ಪಿಪಿಪಿಓಇಗೆ 8 ಬೈಟ್ ಹೋಗಿ 1492 ಉಳಿಯುತ್ತದೆ. ವಿ4ನಲ್ಲಿ ದೊಡ್ಡ ಪೊಟ್ಟಣ ಬಂದರೆ ದಾರಿಯ ರೂಟರೇ ತುಂಡು ಮಾಡಿ ಕಳಿಸಬಹುದಿತ್ತು. ವಿ6ನಲ್ಲಿ ದಾರಿಯಲ್ಲಿ ಯಾರೂ ತುಂಡು ಮಾಡುವಂತಿಲ್ಲ. "ಇದು ದೊಡ್ಡದಾಯಿತು, ಚಿಕ್ಕದು ಕಳಿಸು" ಎಂದು ಕಳಿಸಿದವರಿಗೆ ಒಂದು ಚೀಟಿ ವಾಪಸ್ ಹೋಗಬೇಕು. ಆ ಚೀಟಿ ಐಸಿಎಂಪಿವಿ6 ಎಂಬುದರಲ್ಲಿ ಹೋಗುತ್ತದೆ. "ಪಿಂಗ್ ತಡೆದರೆ ಸೇಫ್" ಎಂದು ಯಾರೋ ಅದನ್ನೇ ಮುಚ್ಚಿರುತ್ತಾರೆ. ಚೀಟಿ ಹೋಗುವುದಿಲ್ಲ, ಆ ಕಡೆಯವರು ದೊಡ್ಡದನ್ನೇ ಮತ್ತೆ ಮತ್ತೆ ಕಳಿಸುತ್ತಾರೆ, ಅದು ದಾರಿಯಲ್ಲೇ ಬೀಳುತ್ತದೆ. ಸಣ್ಣ ಪೊಟ್ಟಣ ಬರುವುದರಿಂದ ಮೇಲಿನ ಪಟ್ಟಿ ಕಾಣುತ್ತದೆ, ದೊಡ್ಡದು ಬರದೆ ಕೆಳಗೆ ಬಿಳಿ. ಹೋಗುವ ದಾರಿಯಲ್ಲೂ ಇದೇ ಕಥೆ, ಅದಕ್ಕೇ ಫೋಟೊ ಶೇಕಡಾ 3ಕ್ಕೆ ನಿಲ್ಲುವುದು.

ರೂಟರಿನಲ್ಲಿ ಎರಡು ಕೆಲಸ ಮಾಡಿ. ಫೈರ್‌ವಾಲಿನಲ್ಲಿ ಐಸಿಎಂಪಿವಿ6 ಪೂರ್ತಿ ಮುಚ್ಚಿದ್ದರೆ ತೆರೆಯಿರಿ. ಆಮೇಲೆ ಎಂಎಸ್‌ಎಸ್ ಎಂಬ ಜಾಗದಲ್ಲಿ ವಿ6ಗೆ 1432 ಹಾಕಿ. 1492ರಲ್ಲಿ ವಿ6 ತಲೆಬರಹದ 40, ಟಿಸಿಪಿಯ 20 ಕಳೆದರೆ ಅಷ್ಟು. ಹೊರಗಿನವರ ದೋಷವನ್ನು ನಾವು ಸರಿಮಾಡಲು ಆಗುವುದಿಲ್ಲ. ನಮ್ಮ ಕಡೆಯಿಂದ "ಇದಕ್ಕಿಂತ ದೊಡ್ಡದು ಕಳಿಸಬೇಡ" ಎಂದು ಮೊದಲೇ ಹೇಳಬಹುದು.

ಆ ಅಜ್ಜಿಗೆ ಫೋನ್ ನಂಬರ್ ಇದ್ದರೆ ಇವತ್ತೇ ಹೇಳಿಕಳಿಸಿ.

ಶಾರ್ಜಾದಿಂದ · ಮಧ್ಯಾಹ್ನ 2:45

ನಾನೇ ಆ ನೀರ್ಚಾಲಿನ ಅಣ್ಣ. ತಮ್ಮ ಖುಷಿಯಾದದ್ದನ್ನು ಬರೆದಿದ್ದಾನೆ, ಈ ಕಡೆಯ ಕಷ್ಟವನ್ನು ನಾನು ಬರೆಯುತ್ತೇನೆ. ಅವನು ಉದ್ದದ ವಿಳಾಸ ಕಳಿಸಿದ ದಿನ ನಾನು ಕ್ಯಾಂಪಿನ ವೈಫೈನಲ್ಲಿ ಒಂದು ಗಂಟೆ ಒದ್ದಾಡಿದೆ. ತೆರೆಯಲಿಲ್ಲ. ತಪ್ಪು ಮನೆಯದ್ದಲ್ಲ. ಕ್ಯಾಂಪಿನ ವೈಫೈ ಬರೀ ವಿ4. ನಮ್ಮ ಮನೆಗೆ ಹೊಸ ವಿಳಾಸ ಇದ್ದರೆ ಸಾಲದು, ಬರುವವನಿಗೂ ಆ ಭಾಷೆ ಬರಬೇಕು. ಫೋನಿನ ಡೇಟಾಕ್ಕೆ ಬದಲಾಯಿಸಿದೆ. ಅದರಲ್ಲಿ ವಿ6 ಇತ್ತು. ಎರಡೇ ಸೆಕೆಂಡು. ಶೆಡ್ಡಿನ ಹಂಚು, ಅದರಿಂದ ಇಳಿಯುವ ಮಳೆನೀರು, ಪಕ್ಕದ ಹಲಸಿನ ಮರ. ಆರು ತಿಂಗಳಾಗಿತ್ತು ಅದನ್ನು ನೋಡದೆ. ಕಣ್ಣು ತುಂಬಿತು ಅಂತ ಹೇಳಲು ನನಗೆ ನಾಚಿಕೆ ಇಲ್ಲ.

ಆದರೆ ಡೇಟಾ ಇಲ್ಲಿ ದುಬಾರಿ. ವೈಫೈನಲ್ಲಿ ನೋಡಲು ಏನಾದರೂ ದಾರಿ ಇದೆಯಾ?

ಬೆಂಗಳೂರು ಸರ್ವರ್ · ಮಧ್ಯಾಹ್ನ 3:10

ಇದೆ. ವಿ4, ವಿ6 ಎರಡೂ ಇರುವ ಒಂದು ಸಣ್ಣ ಬಾಡಿಗೆ ಸರ್ವರ್ ಇಟ್ಟುಕೊಂಡು ಅದರ ಮೂಲಕ ಹೋಗಬಹುದು. ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ಸಾಫ್ಟ್‌ವೇರಿನ ಒಂದು ಗುಟ್ಟಿನ ಸುರಂಗ, ನಿಮ್ಮಿಂದ ಅಲ್ಲಿಗೆ ಇನ್ನೊಂದು. ನಿಜ ಹೇಳಬೇಕೆಂದರೆ ಹಾಗೆ ಮಾಡಿದರೆ ಮನೆಗೆ ವಿ6 ಇಲ್ಲದಿದ್ದರೂ ನಡೆಯುತ್ತದೆ. ಇದು ಖರ್ಚಿನ ಲೆಕ್ಕ: ತಿಂಗಳ ಬಾಡಿಗೆ ಹೆಚ್ಚೋ, ನಿಮ್ಮ ಡೇಟಾ ಖರ್ಚು ಹೆಚ್ಚೋ ನೋಡಿ.

ಆದರೆ ನೀರ್ಚಾಲಿನವರಿಗೆ ಒಂದು ಕಟ್ಟುನಿಟ್ಟಿನ ಮಾತು. ಕ್ಯಾಮರಾವನ್ನೇ ನೇರ ಹೊರಗೆ ತೆರೆದಿಟ್ಟಿದ್ದೀರಾ? ಇಟ್ಟಿದ್ದರೆ ಇವತ್ತೇ ಮುಚ್ಚಿ. ಅದರ ಕಂಪೆನಿ ಸರ್ವರ್ ನಿಲ್ಲಿಸಿದೆ ಅಂದರೆ ದೋಷ ತಿದ್ದುವುದನ್ನೂ ನಿಲ್ಲಿಸಿದೆ ಎಂದೇ ತಿಳಿಯಿರಿ. ಅಂಗಳಕ್ಕೆ ಒಂದೇ ಗೇಟು ಇರಲಿ. ಆ ಗೇಟು ವೈರ್‌ಗಾರ್ಡ್ ಆಗಿರಲಿ. ಒಳಗೆ ಬಂದ ಮೇಲೆ ಕ್ಯಾಮರಾ ನೋಡಿ.

ನೀರ್ಚಾಲು ತೋಟ · ಸಂಜೆ 6:35

ತೆರೆದಿಟ್ಟಿದ್ದೆ. ನಿಮ್ಮ ಮಾತು ಓದಿದ ಕೂಡಲೇ ಮುಚ್ಚಿದೆ. ಹಳೆಯ ಲ್ಯಾಪ್‌ಟಾಪ್ ಒಂದಿತ್ತು, ಪರದೆ ಒಡೆದದ್ದು. ಮಧ್ಯಾಹ್ನ ಕೂತು ಅದರಲ್ಲಿ ವೈರ್‌ಗಾರ್ಡ್ ಹಾಕಿದೆ. ಈಗ ಹೊರಗೆ ತೆರೆದಿರುವುದು ವೈರ್‌ಗಾರ್ಡಿನ ಪೋರ್ಟ್, ಯುಡಿಪಿ 51820, ಒಂದೇ.

ಮೊದಲ ದಿನ ಹೇಳುತ್ತೇನೆ ಎಂದಿದ್ದ ಕಷ್ಟ ಈಗ ಹೇಳುತ್ತೇನೆ. ಆಟಿಯ ಮಳೆಯಲ್ಲಿ ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ರೂಟರ್ ಆಫ್ ಆಗಿ ಆನ್ ಆದಾಗಲೆಲ್ಲ ಕಂಪೆನಿ ಬೇರೆ ವಿಳಾಸ ಕೊಡುತ್ತದೆ. ಹಿಂದಿನ ಅರ್ಧ ಅದೇ, ಮುಂದಿನ ಅರ್ಧ ಬೇರೆ. ಮನೆ ಹೆಸರು ಸಿಕ್ಕಿತು ಎಂದು ಖುಷಿಪಟ್ಟರೆ ಪ್ರತಿ ಗುಡುಗಿಗೂ ಹೆಸರು ಬದಲಾಗುತ್ತದೆ! ಅಷ್ಟು ವಿಳಾಸಗಳಿರುವಾಗ ಒಂದನ್ನು ಒಂದು ಮನೆಗೆ ಕಾಯಂ ಮಾಡಿಕೊಡಲು ಏನು ಕಷ್ಟ? ಕೇಳಿದರೆ ಅದು ಬಿಸಿನೆಸ್ ಪ್ಲಾನಿಗೆ ಮಾತ್ರ ಎನ್ನುತ್ತಾರೆ. ವಿ4 ಕಡಿಮೆ ಇದ್ದದ್ದಕ್ಕೆ ಬಂದ ಅಭ್ಯಾಸ ಅದು. ಕೊರತೆ ಇಲ್ಲದ ಕಡೆಗೂ ಅದನ್ನೇ ತಂದಿದ್ದಾರೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುತ್ತದೆ.

ಸದ್ಯಕ್ಕೆ ಮಾಡಿಕೊಂಡದ್ದು ಇಷ್ಟು. ಲ್ಯಾಪ್‌ಟಾಪ್ ಐದು ನಿಮಿಷಕ್ಕೊಮ್ಮೆ ತನ್ನ ಹೊಸ ವಿಳಾಸವನ್ನು ಒಂದು ಡೈನಾಮಿಕ್ ಹೆಸರಿಗೆ ಬರೆದು ಬರುತ್ತದೆ. ಅಣ್ಣ ಆ ಹೆಸರು ಹಾಕಿದರೆ ಸಾಕು. ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಬೇರೆ ಸಾಫ್ಟ್‌ವೇರ್ ಹಾಕಿದ್ದೇನೆ. ಅದರ ಫೈರ್‌ವಾಲಿನಲ್ಲಿ "ಹಿಂದಿನ ಅರ್ಧ ಇದಾದರೆ ಬಿಡು" ಎಂದು ನಿಯಮ ಬರೆಯಬಹುದು. ಹಾಗಾಗಿ ಮುಂದಿನ ಅರ್ಧ ಬದಲಾದರೂ ಗೇಟು ಅಲ್ಲೇ. ಕಂಪೆನಿ ಕೊಟ್ಟ ಪೆಟ್ಟಿಗೆಯಲ್ಲಿ ಇದು ಆಗುತ್ತಿರಲಿಲ್ಲ. ಎಲ್ಲರೂ ಇಷ್ಟು ಮಾಡಬೇಕು ಎಂದು ನಾನು ಹೇಳಲಾರೆ. ಅಪ್ಪನಂಥವರು ಒಬ್ಬರೇ ಇರುವ ಮನೆಯಲ್ಲಿ ಇದನ್ನು ಮಾಡುವವರು ಯಾರು?

ಪೆರ್ಲದವರೇ, ನೀವು ಮೇಲಿನ ಕಂಪೆನಿಯವರಿಗೆ ಒಂದು ಮನವಿ ಬರೆದರೆ ನಾವೆಲ್ಲ ಹೆಸರು ಹಾಕುತ್ತೇವೆ. ಮನೆಗೊಂದು ಕಾಯಂ ವಿ6 ತುಂಡು ಬೇಕು ಎಂದು. ಕನ್ನಡದಲ್ಲೂ ಮಲಯಾಳದಲ್ಲೂ ಬರೆಯೋಣ.

ಪೆರ್ಲ ಕೇಬಲ್ · ಸಂಜೆ 7:00

ಬರೆಯುತ್ತೇನೆ. ಮಲಯಾಳದ್ದನ್ನು ಟೀಚರ್ ತಿದ್ದಿಕೊಟ್ಟರೆ ಒಳ್ಳೆಯದು.

ಮುಳ್ಳೇರಿಯ ಟೀಚರ್ · ಸಂಜೆ 7:04

ಕಳಿಸಿ, ಇವತ್ತು ರಾತ್ರಿಯೇ ನೋಡುತ್ತೇನೆ.

ಮಂಜೇಶ್ವರ ಸೇವೆ · ಸಂಜೆ 7:50

1432 ಹಾಕಿದೆ. ವಿ6 ಆನ್ ಇಟ್ಟೇ ಎಲ್ಲ ಪುಟವೂ ಪೂರ್ತಿ ಬಂತು. ಫೋಟೊ ಹೋಯಿತು. ಅಜ್ಜಿಯ ಮೊಮ್ಮಗನಿಗೆ ಹೇಳಿದ್ದೇನೆ, ನಾಳೆ ಹತ್ತು ಗಂಟೆಗೆ ಬರುತ್ತಾರೆ.

ನೀರ್ಚಾಲು ತೋಟ · ರಾತ್ರಿ 11:25

ಈಗಷ್ಟೇ ಅಣ್ಣನ ಫೋನು ಬಂದಿತ್ತು. ಡೇಟಾ ಹಾಕಿ ಹೊಸ ಗೇಟಿನಿಂದ ಒಳಗೆ ಬಂದಿದ್ದಾನೆ. ಶೆಡ್ಡಿನ ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿದೆ, ಸ್ಟಾರ್ಟರಿನ ಮೇಲೆ ಎರಚಲು ಬೀಳುತ್ತದೆ, ನೋಡಿ ಬಾ ಎಂದ. ಟಾರ್ಚು, ಕೊಡೆ ತೆಗೆದುಕೊಂಡು ಇಳಿದೆ. ಅಪ್ಪ ಮಲಗಿದ್ದರು, ಎಬ್ಬಿಸಲಿಲ್ಲ. ಅಗುಳಿ ಹಾಕಿ ಕ್ಯಾಮರಾದ ಕಡೆ ಕೈ ಎತ್ತಿ ತೋರಿಸಿದೆ. ಶಾರ್ಜಾದಿಂದ "ಕಂಡಿತು" ಎಂದು ಮೆಸೇಜ್ ಬಂತು.